ಲಿಫ್ಟ್ ಗುಂಡಿಗೆ ಬೇವಿನ ಬೀಜ: ನನ್ನ ಅನುಭವ

ಮಂಗಳೂರಿನಲ್ಲಿ ಕಟ್ಟಡ ಕಟ್ಟಿಸುವವರಿಗೆ ಲಿಫ್ಟ್ ಗುಂಡಿಯಲ್ಲಿ, ಅಂದರೆ ಲಿಫ್ಟ್ ಕೂರಿಸಲು ತಳದಲ್ಲಿ ತೋಡಿದ ಹೊಂಡದಲ್ಲಿ, ನಿಲ್ಲುವ ನೀರಿನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ಮೊಟ್ಟೆ ಇಡಲು ಅಂಥ ತಿಳಿನೀರೇ ಹೆಚ್ಚು ಇಷ್ಟ. ಬಿಜೈ ಕಡೆಯ ನನ್ನ ಸೈಟಿನಲ್ಲಿ ಒಂದೇ ಮಳೆಗಾಲದಲ್ಲಿ ಏಳೆಂಟು ಹುಡುಗರು ಚಳಿಜ್ವರದಿಂದ ಮಲಗಿದರು. ಎರಡು ವಾರ ಸ್ಲ್ಯಾಬ್ ಕೆಲಸ ನಿಂತಿತು.

ಮೊದಲು ಬೇವಿನ ಸೊಪ್ಪು ಕುದಿಸಿ ಸುರಿದೆ. ನೀರು ಕೊಳೆತು ನಾರಿತು, ಆ ವಾಸನೆಗೆ ಕೊಳಕು ನೀರಿನ ಸೊಳ್ಳೆ ಕ್ಯೂಲೆಕ್ಸ್ ಬಂದು ಮೊಟ್ಟೆ ಇಟ್ಟಿತು. ಆಮೇಲೆ ಬೇವಿನೆಣ್ಣೆ, ಲೀಟರಿಗೆ 300ರ ಹತ್ತಿರ. ಸುಮ್ನೆ ತೇಲಿ ಗೋಡೆಗೆ ಅಂಟಿಕೊಂಡಿತು. ಮತ್ತೆ ಚಳ್ಳಕೆರೆ ಕಡೆಯಿಂದ 30 ಕಿಲೋ ಬೀಜ ತರಿಸಿದೆ. ನಮ್ಮ ಜೂನ್ ತಿಂಗಳ ತೇವಕ್ಕೆ ಗೋಣಿಯೊಳಗೇ ಬೂಷ್ಟು ಹಿಡಿಯಿತು. ಸುಮಾರು 2,000 ರೂಪಾಯಿ ಹೊಳೆಯಲ್ಲಿ ತೊಳೆದ ಹುಣಸೆಹಣ್ಣಾಯಿತು.

ಮರುವರ್ಷ ಬೀಜವನ್ನು ಮೇ ತಿಂಗಳಲ್ಲೇ ಒಣಗಿಸಿ ಡ್ರಮ್ಮಿಗೆ ತುಂಬಿದೆ. ಎರಡು ಕಿಲೋ ತಿರುಳು ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿದೆ. ಕುದಿಸಲಿಲ್ಲ. ಹಿಂಡಿ ತೆಗೆದ ಹಾಲಿನಂಥ ಬೇವಿನ ರಸಕ್ಕೆ ಅಂಟುವಾಳದ ನೊರೆ ಬೆರೆಸಿ ಗುಂಡಿಗೆ ಹೊಯ್ದೆ. ಅಂಟುವಾಳ ಎಷ್ಟು, ಯಾವಾಗ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮರುದಿನ ಮೇಸ್ತ್ರಿ ಬಗ್ಗಿ ನೋಡಿ, "ಎಂಥದ್ದು ಮಾರಾಯ್ರೇ, ಹುಳ ಇನ್ನೂ ಕುಣಿತಾ ಉಂಟು" ಅಂದರು. ಎಲ್ಲರೂ ಎಡವುವುದು ಇಲ್ಲೇ. ಬೇವು ವಿಷದ ಹಾಗೆ ತಕ್ಷಣ ಕೊಲ್ಲುವುದಿಲ್ಲ. ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳ, ಪೊರೆ ಕಳಚುವುದನ್ನು ತಡೆಯುತ್ತದೆ.

ಎರಡು ಬಕೆಟ್ ಇಟ್ಟೆ. ಒಂದರಲ್ಲಿ ಬೇವು ಹಾಕಿದ ನೀರು, ಇನ್ನೊಂದರಲ್ಲಿ ಹಾಗೇ ಬಿಟ್ಟ ನೀರು. ತಲಾ 20 ಲಾರ್ವಾ, ಮೇಲೆ ಸೊಳ್ಳೆಪರದೆ. ಎಂಟನೇ ದಿನ ಬರೀ ನೀರಿನ ಬಕೆಟ್ಟಿನ ಪರದೆಗೆ ಹದಿನಾರೋ ಹದಿನೇಳೋ ಸೊಳ್ಳೆ ಅಂಟಿಕೊಂಡಿದ್ದವು. ಬೇವಿನದರಲ್ಲಿ ಎರಡೇ. ಉಳಿದವನ್ನು ಬಿಳಿ ತಟ್ಟೆಗೆ ಸುರಿದು ಮೇಸ್ತ್ರಿಗೆ ತೋರಿಸಿದೆ. ಅರ್ಧ ಕಳಚಿದ ಪೊರೆ ಬಾಲಕ್ಕೆ ಸಿಕ್ಕಿಕೊಂಡೇ ಸತ್ತಿದ್ದವು. ಆಮೇಲೆ ಅವರೇ ಪ್ರತಿ ಶನಿವಾರ ಬೀಜ ನೆನೆಸತೊಡಗಿದರು. ಆ ಮಳೆಗಾಲ ನಮ್ಮ ಶೆಡ್ಡಿನಲ್ಲಿ ಜ್ವರ ಬಂದದ್ದು ಒಬ್ಬನಿಗೆ. ಅವನೂ ಊರಿಂದ ಬಂದು ಮೂರೇ ದಿನ ಆಗಿತ್ತು. ಖರ್ಚು ವಾರಕ್ಕೆ 150 ದಾಟಲಿಲ್ಲ.

ಹೊಸ ಕಾಂಕ್ರೀಟು ಗಟ್ಟಿಯಾಗಲೆಂದು ತಾರಸಿಯ ಮೇಲೆ ನಿಲ್ಲಿಸುವ ಕ್ಯೂರಿಂಗ್ ನೀರಿನಲ್ಲಿ ಮಾತ್ರ ಸೋತೆ. ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ. ಗುಂಡಿಯಲ್ಲಿ ನೆರಳು ಇದೆ, ಅಲ್ವಾ? ತಾರಸಿಗೆಂದು ಗೇರುಬೀಜದ ಸಿಪ್ಪೆಯೆಣ್ಣೆ ನೋಡಲು ಹೋಗಿ ಕೈಯ ಚರ್ಮ ಸುಲಿದುಹೋಯಿತು. ಕೈಗವಸು ತಂದಿದ್ದೇನೆ, ಈ ಸಲ ಬಕೆಟ್ಟಿನಿಂದಲೇ ಶುರು.