ಮತ್ತೆ ಟ್ಯಾಂಕ್ ಕಟ್ಟಲು ಕೂತಾಗ: 1/35 ಟಿ-55ಎ ಕಿಟ್‌ನಲ್ಲಿ ನಾನು ಅನುಸರಿಸಿದ ಕ್ರಮ

ಬಹಳ ವರ್ಷ ಬಿಟ್ಟು ಪ್ಲಾಸ್ಟಿಕ್ ಮಾಡೆಲ್‌ಗೆ ಮರಳಿದವರಿಗೆ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಬೇಗ ಕೈಗೆ ಹತ್ತುತ್ತವೆ. ಕೈಕೊಡುವುದು ಬಣ್ಣ. ಹಿಂದೆ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇದ್ದದ್ದು 14 ಎಂ.ಎಲ್. ಹಂಬ್ರೋಲ್ ಎನಾಮಲ್ ಡಬ್ಬಿಗಳು, ಒಂದೆರಡು ಬ್ರಷ್, ಒಂದು ಬಾಟಲಿ ಟರ್ಪೆಂಟೈನ್. ಅಡಿಯಿಂದ ಮುಡಿಯವರೆಗೆ ಒಂದೇ ಜಾತಿಯ ಬಣ್ಣ. ಈಗ ಒಂದೇ ಟ್ಯಾಂಕಿನ ಮೇಲೆ ಲ್ಯಾಕರ್, ಅಕ್ರಿಲಿಕ್, ಎನಾಮಲ್, ಆಯಿಲ್ ಬಣ್ಣ ಎಲ್ಲವೂ ಒಂದರ ಮೇಲೊಂದು ಕೂರುತ್ತವೆ. ಯಾವ ಪದರದ ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಕೆಳಗಿನ ಯಾವ ಪದರವನ್ನು ಕರಗಿಸುತ್ತದೆ ಎಂಬುದು ಗೊತ್ತಿದ್ದರೆ ಮಿಕ್ಕಿದ್ದೆಲ್ಲ ಅಭ್ಯಾಸದಿಂದ ಬರುತ್ತದೆ. ಜಪಾನಿನ ಟಾಮಿಯಾ ಕಂಪನಿಯ 35257 ನಂಬರಿನ ಟಿ-55ಎ (ಸೋವಿಯತ್ ಟ್ಯಾಂಕಿನ ಮಾಡೆಲ್, ನಿಜದ 35ರಲ್ಲಿ ಒಂದು ಪಾಲು ಅಳತೆ) ಕಟ್ಟುವಾಗ ನಾನು ಇಟ್ಟುಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರಳಿ ಬಂದವರ ಮೊದಲ ಕಿಟ್ ಸರಳವಾಗಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದೇ ಟಿ-55 ಅನ್ನು ಮಿನಿಆರ್ಟ್ ಕಂಪನಿ ಎಂಜಿನ್, ಒಳಾಂಗಣ ಸಮೇತ ಕೊಡುತ್ತದೆ. ಅದರ ಭಾಗಗಳು ಸಾವಿರ ದಾಟುತ್ತವೆ. ಅದು ಸೊಗಸಾದ ಕಿಟ್, ಆದರೆ ಮೊದಲಿಗೆ ಬೇಡ. ಟಾಮಿಯಾದ್ದು ತಿದ್ದದೆ ಕೂರುತ್ತದೆ. ನಿಜವಾದ ಟಿ-55ರ ಉದ್ದ ನಳಿಗೆ ಸೇರಿ 9 ಮೀಟರ್, ಅಗಲ 3.27 ಮೀಟರ್. 1/35ರಲ್ಲಿ ಅದು ಸುಮಾರು 26 ಸೆಂ.ಮೀ. ಉದ್ದ, 9.3 ಸೆಂ.ಮೀ. ಅಗಲ ಆಗುತ್ತದೆ. ಒಂದು ಪಕ್ಕಕ್ಕೆ ಐದೇ ದೊಡ್ಡ ಚಕ್ರ, ಮೇಲೆ ಸಣ್ಣ ರೋಲರ್‌ಗಳಿಲ್ಲ, ದುಂಡು ಟರೆಟ್ (ನಳಿಗೆ ಹೊತ್ತು ತಿರುಗುವ ಮೇಲ್ಭಾಗ). ಬಣ್ಣವೂ ಒಂದೇ ಹಸಿರು, ಹಾಗಾಗಿ ಪದರಗಳನ್ನು ಕಲಿಯಲು ಇದಕ್ಕಿಂತ ಒಳ್ಳೆಯ ವಾಹನ ಸಿಗುವುದು ಕಷ್ಟ.

ಅಟ್ಟದ ಮೇಲೆ ಹಳೆಯ ಕಿಟ್ ಉಳಿದಿದ್ದರೆ ಡಬ್ಬಿ ತೆರೆದ ಕೂಡಲೇ ವಿನೈಲ್ ಟ್ರ್ಯಾಕ್ ನೋಡಿ. ವಿನೈಲನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ಕಾಲಕ್ರಮದಲ್ಲಿ ಹೊರಬಂದು, ತಾಗಿದ ಪಾಲಿಸ್ಟೈರೀನ್ ಭಾಗಗಳನ್ನು ಮೇಣದಂತೆ ಕರಗಿಸುತ್ತದೆ. ಚಕ್ರದ ಅಂಚಿನಲ್ಲಿ ಟ್ರ್ಯಾಕಿನ ಹಲ್ಲಿನ ಅಚ್ಚು ಮೂಡಿದ್ದರೆ ಕಾರಣ ಇದೇ. ಟ್ರ್ಯಾಕನ್ನು ಕಾಗದದಲ್ಲಿ ಸುತ್ತಿ ಬೇರೆ ಇಡಿ. ಜೋಡಿಸುವ ಮುನ್ನ ಚಕ್ರಕ್ಕೂ ಟ್ರ್ಯಾಕಿನ ಒಳಮೈಗೂ ಲ್ಯಾಕರ್ ಪ್ರೈಮರ್ (ತಳದ ಬಣ್ಣ) ಹೊಡೆಯಿರಿ. ಹಳದಿಗಟ್ಟಿದ ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು) ಹಾಳೆಯನ್ನು ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿದರೆ ಹಳದಿ ಬಹುಪಾಲು ಹೋಗುತ್ತದೆ. ಅದನ್ನು ನೀರಿಗೆ ಹಾಕುವ ಮುನ್ನ ಬೇಡದ ಒಂದು ಗುರುತನ್ನು ಕತ್ತರಿಸಿ ಪರೀಕ್ಷಿಸಬೇಕು. ಚೂರುಚೂರಾದರೆ ಇಡೀ ಹಾಳೆಗೆ ಮೈಕ್ರೋಸ್ಕೇಲ್ ಲಿಕ್ವಿಡ್ ಡೆಕಲ್ ಫಿಲ್ಮ್ ಒಂದು ಕೋಟ್ ಕೊಟ್ಟು ಒಣಗಿಸಿ, ಆಮೇಲೆ ಒಂದೊಂದು ಗುರುತನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿಕೊಳ್ಳಿ.

ಸಾಮಾನು ಕಡಿಮೆ ಸಾಕು. ಒಂದು ಪಕ್ಕ ಚಪ್ಪಟೆಯಿರುವ ಸ್ಪ್ರೂ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕಟರ್, 11ನೇ ನಂಬರಿನ ಬ್ಲೇಡ್, 400, 600, 1000ದ ವಾಟರ್ ಪೇಪರ್, ಟಾಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್ (ಹಸಿರು ಮುಚ್ಚಳದ 40 ಎಂ.ಎಲ್. ಬಾಟಲಿ), ಲೋಹಕ್ಕೆ ಸ್ವಲ್ಪ ಸೂಪರ್ ಗ್ಲೂ. ನಲವತ್ತು ದಾಟಿದವರು ತಲೆಗೆ ಕಟ್ಟುವ ಭೂತಗನ್ನಡಿಗೆ ಮೊದಲು ದುಡ್ಡು ಹಾಕಲಿ. ಎರಡು ಪಟ್ಟು ಹಿಗ್ಗಿಸಿದರೆ ಸಾಕು. ಜಾಸ್ತಿಯಾದಷ್ಟೂ ಮುಖವನ್ನು ಮಾಡೆಲ್‌ಗೆ ಹತ್ತಿರ ತರಬೇಕಾಗುತ್ತದೆ, ಕೈಯಾಡಿಸಲು ಜಾಗ ಉಳಿಯುವುದಿಲ್ಲ.

ಟ್ಯೂಬಿನ ದಪ್ಪ ಗಮ್ ಬಳಸಿದ ಕೈಗೆ ಎಕ್ಸ್‌ಟ್ರಾ ಥಿನ್‌ನ ರೀತಿ ಬೇರೆ. ಎರಡು ಭಾಗಗಳನ್ನು ಮೊದಲು ಒಣಗಿದ್ದಾಗಲೇ ಹಿಡಿದು ಕೂಡಿಸಿ, ಆಮೇಲೆ ಸಂದಿಗೆ ಬ್ರಷ್ ತುದಿ ತಾಗಿಸಿದರೆ ದ್ರವ ತಾನೇ ಸಂದಿಯುದ್ದಕ್ಕೂ ಹರಿಯುತ್ತದೆ. ಹಿಡಿದ ಬೆರಳು ಸಂದಿಯ ಮೇಲಿರಬಾರದು, ದ್ರವ ಬೆರಳಿನಡಿಗೂ ಹರಿದು ಗುರುತು ಮೂಡಿಸುತ್ತದೆ. ಇದರಲ್ಲಿರುವುದು ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಅದಕ್ಕೇ ಬಣ್ಣ ಹತ್ತಿದ ಜಾಗದಲ್ಲಿ ಹಿಡಿಯುವುದಿಲ್ಲ, ಮೊದಲು ಕೆರೆಯಬೇಕು.

ಕೆಲಸ ಶುರುವಾಗುವುದು ತೊಳೆಯುವುದರಿಂದ. ಸ್ಪ್ರೂಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದರೆ ಅಚ್ಚಿನ ಎಣ್ಣೆ ಹೋಗುತ್ತದೆ. ನಂತರ ಚಾಸಿ. ಚಕ್ರದ ಆರ್ಮ್‌ಗಳನ್ನು ಅಂಟಿಸಿದ ಮೇಲೆ ಸಿಮೆಂಟ್ ಹಸಿಯಿರುವಾಗಲೇ ಆಕ್ಸಲ್ ತುದಿಗಳ ಮೇಲೆ 15 ಸೆಂ.ಮೀ. ಸ್ಟೀಲ್ ಸ್ಕೇಲ್ ಇಟ್ಟು ಐದೂ ಒಂದೇ ಗೆರೆಗೆ ಬರುವಂತೆ ಸರಿಪಡಿಸಿ, ಹಾಗೇ ರಾತ್ರಿ ಕಳೆಯಲು ಬಿಟ್ಟೆ. ಒಂದು ಚಕ್ರ ನೆಲ ಬಿಟ್ಟು ನಿಂತರೂ ಮೊದಲು ಕಣ್ಣಿಗೆ ಬೀಳುವುದು ಅದೇ. ಟಿ-55ರಲ್ಲಿ ಮೊದಲ ಮತ್ತು ಎರಡನೇ ಚಕ್ರದ ನಡುವಿನ ಅಂತರ ಮಿಕ್ಕವುಗಳಿಗಿಂತ ಹೆಚ್ಚು. ಅದು ಕಿಟ್ಟಿನ ದೋಷ ಎಂದುಕೊಂಡು ಸರಿಮಾಡಲು ಹೋಗಬೇಡಿ.

ಟರೆಟ್‌ನಲ್ಲಿ ನಾನು ಹೆಚ್ಚು ಹೊತ್ತು ಕೂತೆ. ನಿಜವಾದದ್ದು ಎರಕದ ಉಕ್ಕು, ಮೈ ಒರಟು. ಮಿಸ್ಟರ್ ಸರ್ಫೇಸರ್ 500 (ದಪ್ಪನೆಯ ಪ್ರೈಮರ್) ಅನ್ನು ಕೂದಲು ಕತ್ತರಿಸಿದ ಹಳೆಯ ಬ್ರಷ್‌ನಿಂದ ಚುಚ್ಚುತ್ತಾ ಹಚ್ಚಬೇಕು. ಬ್ರಷ್ ಎಳೆದರೆ ಗೆರೆ ಮೂಡುತ್ತದೆ; ನೇರವಾಗಿ ಕುಟ್ಟಬೇಕು. ಸ್ವಲ್ಪ ಜಾಗ ಮುಗಿಯುವಷ್ಟರಲ್ಲಿ ಅದು ಅಂಟಂಟಾಗುತ್ತದೆ, ಆಗ ಮತ್ತೊಮ್ಮೆ ಕುಟ್ಟಿದರೆ ಸರಿಯಾದ ಒರಟು ಬರುತ್ತದೆ. ಮಾರನೆಯ ದಿನ 600ರ ಪೇಪರ್ ಹಗುರವಾಗಿ ಆಡಿಸಿ ಚೂಪುಗಳನ್ನು ಮಾತ್ರ ತೆಗೆದೆ. ಬೆಸುಗೆ ಗೆರೆ ದಪ್ಪ ಕಾಣಬೇಕಾದ ಕಡೆ ಮೇಣದಬತ್ತಿಯ ಮೇಲೆ ಕಾಯಿಸಿ ಕೂದಲಿನಂತೆ ಎಳೆದ ಸ್ಪ್ರೂ ಎಳೆಯನ್ನು ಅಂಟಿಸಿ, ಸಿಮೆಂಟ್ ಹಚ್ಚಿ ಮೆತ್ತಗಾದಾಗ ಬ್ಲೇಡಿನ ಹಿಂಬದಿಯಿಂದ ಅಡ್ಡ ಗೀರಿದರೆ ವೆಲ್ಡಿಂಗ್ ಅಲೆಗಳು ಮೂಡುತ್ತವೆ.

ನಳಿಗೆ ಎರಡು ಸೀಳಾಗಿ ಬರುವ ಕಿಟ್‌ಗಳಲ್ಲಿ ಸಿಮೆಂಟ್ ತುಸು ಹೆಚ್ಚೇ ಹಾಕಿ ಒತ್ತಿ, ಕರಗಿದ ಪ್ಲಾಸ್ಟಿಕ್ ಸಂದಿಯಿಂದ ಸಣ್ಣ ದಿಬ್ಬದಂತೆ ಹೊರಬರಲಿ. 24 ಗಂಟೆ ಕಾದು ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆಯಿರಿ. ನಂತರ ವಾಟರ್ ಪೇಪರಿನ ಕಿರಿದಾದ ಪಟ್ಟಿಯನ್ನು ನಳಿಗೆಯ ಸುತ್ತ ಹಾಕಿ ಎರಡೂ ತುದಿ ಹಿಡಿದು ಎಳೆದಾಡಿಸಬೇಕು. ಪೇಪರನ್ನು ಚಪ್ಪಟೆಯಾಗಿ ಒತ್ತಿ ಉಜ್ಜಿದರೆ ದುಂಡು ಹೋಗಿ ಪಟ್ಟೆ ಬೀಳುತ್ತದೆ. ಅಂದೇ ಉಜ್ಜಲು ಹೊರಟರೆ ಪ್ಲಾಸ್ಟಿಕ್ ಇನ್ನೂ ಮೆತ್ತಗಿರುತ್ತದೆ, ವಾರದ ನಂತರ ಬಣ್ಣದಡಿಯಲ್ಲಿ ಗೆರೆ ಕುಗ್ಗಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಭಾರತೀಯ ಸೇನೆಯ ಟಿ-55 ಮಾಡುವ ಆಸೆ ಇರುವವರು ಈ ನಳಿಗೆಯ ಹಂತದಲ್ಲೇ ನಿರ್ಧರಿಸಬೇಕು. 1971ರ ಯುದ್ಧದಲ್ಲಿ ಪಾಕಿಸ್ತಾನದ ಬಳಿ ಇದ್ದ ಚೀನೀ ಟೈಪ್ 59 ನೋಡಲು ಇದರಂತೆಯೇ ಇತ್ತು. ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸದಿರಲೆಂದು ಭಾರತೀಯ ಟ್ಯಾಂಕುಗಳ 100 ಎಂ.ಎಂ. ನಳಿಗೆಯ ನಡುಭಾಗಕ್ಕೆ ಹೊಗೆ ತೆಗೆಯುವ ಡಬ್ಬಿಯಂಥ ತೋರಿಕೆಯ ಕವಚ ಹಾಕಿದ್ದರು. ನಿಜವಾದ ಡಬ್ಬಿ ನಳಿಗೆಯ ಬಾಯಲ್ಲೇ ಇರುತ್ತದೆ. ಪ್ಲಾಸ್ಟಿಕ್ ಕೊಳವೆ ತುಂಡಿನಿಂದ ಇದನ್ನು ಮಾಡಬಹುದು. ಜಾಗ ಮತ್ತು ಉದ್ದವನ್ನು ಆ ಕಾಲದ ಫೋಟೋ ನೋಡಿಯೇ ಅಳೆಯಿರಿ. ಟಿ-54ರ ಟರೆಟ್ ಮೇಲೆ ಅಣಬೆಯಾಕಾರದ ಗಾಳಿಗಿಂಡಿ ಇದೆ, ಟಿ-55ರಲ್ಲಿ ಇಲ್ಲ. ಫೋಟೋ ಆರಿಸುವಾಗ ಮೊದಲು ಅದನ್ನು ಗಮನಿಸಿ.

ಟ್ಯಾಂಕಿನ ಹಿಂಬದಿಗೆ ಕಟ್ಟುವ ಮರದ ದಿಮ್ಮಿಗೆ ಪ್ಲಾಸ್ಟಿಕ್ ಬಳಸಲಿಲ್ಲ. ಒಣಗಿದ ತುಳಸಿ ಕಡ್ಡಿಯ ತೊಗಟೆ ಈ ಅಳತೆಗೆ ಒಪ್ಪುತ್ತದೆ. ಓವನ್ನಿಲ್ಲದಿದ್ದರೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಎಳೆಯುವ ಹಗ್ಗಕ್ಕೆ ಕರೆಂಟ್ ವೈರಿನೊಳಗಿನ ತಾಮ್ರದ ಎಳೆಗಳನ್ನು ಹೊಸೆದರಾಯಿತು.

ಈಗ ಬಣ್ಣ. ಲ್ಯಾಕರ್ ಥಿನ್ನರ್ ಎಲ್ಲಕ್ಕಿಂತ ತೀಕ್ಷ್ಣ: ಎನಾಮಲ್, ಅಕ್ರಿಲಿಕ್ ಎರಡನ್ನೂ ಕೆದಕುತ್ತದೆ. ಹಸಿ ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಮೈ ಸುಕ್ಕುಗಟ್ಟುತ್ತದೆ. ಎನಾಮಲ್ ಥಿನ್ನರ್ ಅಥವಾ ವೈಟ್ ಸ್ಪಿರಿಟ್ ಒಣಗಿದ ಅಕ್ರಿಲಿಕ್ಕಿಗೆ ಏನೂ ಮಾಡುವುದಿಲ್ಲ. ಹಾಗಾಗಿ ಕೆಳಗೆ ಲ್ಯಾಕರ್, ಅದರ ಮೇಲೆ ಅಕ್ರಿಲಿಕ್, ಎಲ್ಲಕ್ಕಿಂತ ಮೇಲೆ ಎನಾಮಲ್ ಮತ್ತು ಆಯಿಲ್. ಹಳೆಯ ಹಂಬ್ರೋಲ್ ಡಬ್ಬಿ ಇನ್ನೂ ಚೆನ್ನಾಗಿದ್ದರೆ ಅದನ್ನು ಮೇಲಿನ ಪದರಕ್ಕೆ ಉಳಿಸಿಕೊಳ್ಳಿ, ತಳಕ್ಕೆ ಬೇಡ.

ಅಕ್ರಿಲಿಕ್ ಎಂದು ಬರೆದಿರುವುದೆಲ್ಲ ಒಂದೇ ಅಲ್ಲ, ಇಲ್ಲಿ ತುಂಬ ಜನ ಎಡವುತ್ತಾರೆ. ಟಾಮಿಯಾದ ಎಕ್ಸ್‌ಎಫ್ ಸಾಲಿನದು ಆಲ್ಕೋಹಾಲ್‌ಗೆ ಒಗ್ಗುತ್ತದೆ; ಎಕ್ಸ್-20ಎ (ಟಾಮಿಯಾದ್ದೇ ಥಿನ್ನರ್), ಐಸೊಪ್ರೊಪೈಲ್ ಆಲ್ಕೋಹಾಲ್, ಮಿಸ್ಟರ್ ಲೆವೆಲಿಂಗ್ ಥಿನ್ನರ್ ಮೂರೂ ಆಗುತ್ತವೆ. ವಲೇಹೋ ಕಂಪನಿಯದು ನೀರಿನದು, ಅದಕ್ಕೆ ಆಲ್ಕೋಹಾಲ್ ಹಾಕಿದರೆ ಮೊಸರಿನಂತೆ ಗಟ್ಟಿಯಾಗಿ ಏರ್‌ಬ್ರಷ್ ಕಟ್ಟಿಕೊಳ್ಳುತ್ತದೆ. ನಾನು ಏರ್‌ಬ್ರಷ್‌ಗೆ ಟಾಮಿಯಾ, ಕೈಬ್ರಷ್‌ಗೆ ವಲೇಹೋ ಎಂದು ಬೇರೆ ಮಾಡಿಕೊಂಡಿದ್ದೇನೆ. ಹಾರ್ಡ್‌ವೇರ್ ಅಂಗಡಿಯ ಎನ್.ಸಿ. ಥಿನ್ನರ್ ಏರ್‌ಬ್ರಷ್ ತೊಳೆಯಲು ಮಾತ್ರ. ಅದು ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಉಪಕರಣ 0.3 ಎಂ.ಎಂ. ಸೂಜಿಯ ಡಬಲ್ ಆಕ್ಷನ್ ಏರ್‌ಬ್ರಷ್, ಗಾಳಿ ಟ್ಯಾಂಕ್ ಇರುವ ಸಣ್ಣ ಕಂಪ್ರೆಸರ್, ನಡುವೆ ನೀರು ಹಿಡಿಯುವ ಟ್ರ್ಯಾಪ್. ಕರಾವಳಿಯಲ್ಲಿ ಅಥವಾ ಮಲೆನಾಡಿನ ಮಳೆಗಾಲದಲ್ಲಿ ಟ್ರ್ಯಾಪ್ ಇಲ್ಲದೆ ಮುಟ್ಟಬೇಡಿ. ತೇವದ ದಿನ ಲ್ಯಾಕರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಇಳಿಯುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ನಿಧಾನ ಆರುವ ಲೆವೆಲಿಂಗ್ ಥಿನ್ನರ್ ಇದನ್ನು ತಗ್ಗಿಸುತ್ತದೆ; ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಮಾತ್ರ ಒಣ ದಿನಕ್ಕೇ ಕಾಯಬೇಕು. ಎನ್-95 ಮಾಸ್ಕ್ ಬಣ್ಣದ ಕಣ ತಡೆಯುತ್ತದೆ, ಥಿನ್ನರ್ ಆವಿ ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಹಾಕಿ, ಆವಿ ಕಿಟಕಿಯಿಂದ ಆಚೆ ಹೋಗುವಂತೆ ಎಕ್ಸಾಸ್ಟ್ ಫ್ಯಾನ್ ಇಡಿ. ಇದರಲ್ಲಿ ರಾಜಿ ಇಲ್ಲ.

ಪ್ರೈಮರ್‌ಗೆ ಮಿಸ್ಟರ್ ಸರ್ಫೇಸರ್ 1500 ಕಪ್ಪು ಒಂದು ಪಾಲು, ಲೆವೆಲಿಂಗ್ ಥಿನ್ನರ್ ಎರಡು ಪಾಲು, 15ರಿಂದ 18 ಪಿಎಸ್‌ಐ, 8-10 ಸೆಂ.ಮೀ. ದೂರ. ಅದರ ಮೇಲೆ ಎಕ್ಸ್‌ಎಫ್-58 ಆಲಿವ್ ಗ್ರೀನ್, ಒಂದಕ್ಕೆ ಒಂದೂವರೆ ಥಿನ್ನರ್, ಸಂದುಗಳಲ್ಲಿ ಕಪ್ಪು ಸ್ವಲ್ಪ ಇಣುಕುವಂತೆ ತೆಳುವಾಗಿ. ನಂತರ ಅದೇ ಬಣ್ಣದ ನಾಲ್ಕು ಪಾಲಿಗೆ ಎಕ್ಸ್‌ಎಫ್-4 ಯೆಲ್ಲೋ ಗ್ರೀನ್ ಒಂದು ಪಾಲು ಸೇರಿಸಿ ಮೇಲ್ಮುಖದ ಜಾಗಗಳಿಗೆ ಮಾತ್ರ ಹೊಡೆದೆ. ಬಿಳಿ ಬೆರೆಸಿ ತಿಳಿ ಮಾಡಿದರೆ ಹಸಿರು ಸುಣ್ಣ ಬಳಿದಂತಾಗುತ್ತದೆ. ವಾಷ್ (ಸಂದುಗಳಿಗೆ ಹರಿಸುವ ನೀರಾದ ಗಾಢ ಬಣ್ಣ) ಹಸಿರನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಈ ಹಂತದಲ್ಲಿ ಬೇಕಾದ್ದಕ್ಕಿಂತ ಒಂದು ಛಾಯೆ ತಿಳಿಯಾಗಿಯೇ ಇರಲಿ.

ಚಕ್ರಗಳನ್ನು ಟೂತ್‌ಪಿಕ್‌ಗೆ ಸಿಕ್ಕಿಸಿ ಬೇರೆಯಾಗಿ ಮಾಡಿದೆ. ಮೊದಲು ಪೂರ್ತಿ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್, ನಂತರ ವೃತ್ತದ ಸ್ಟೆನ್ಸಿಲ್ ಇಟ್ಟು ನಡುವೆ ಹಸಿರು. ಟಿ-55 ಚಕ್ರದ ವ್ಯಾಸ 810 ಎಂ.ಎಂ., ಮಾಡೆಲ್‌ನಲ್ಲಿ 23 ಎಂ.ಎಂ.; ಟೈರ್ ಬಿಟ್ಟು ಒಳಗಿನ ಲೋಹದ ಅಳತೆಗೆ ಹೊಂದುವ ತೂತು ಆರಿಸಿಕೊಳ್ಳಿ.

ಟ್ರ್ಯಾಕಿಗೂ ಬಣ್ಣ ಹೊರಗೇ ಆಗಬೇಕು. ಮೇಲೆ ರೋಲರ್ ಇಲ್ಲದ ಕಾರಣ ಟಿ-55ರ ಟ್ರ್ಯಾಕ್ ಚಕ್ರಗಳ ನೆತ್ತಿಯ ಮೇಲೇ ಜೋತು ಬಿದ್ದಿರುತ್ತದೆ. ಬೆಲ್ಟ್ ಟ್ರ್ಯಾಕನ್ನು ಹಾಗೇ ತೊಡಿಸಿದರೆ ಬಿಗಿದ ತಂತಿಯಂತೆ ನೆಟ್ಟಗೆ ನಿಂತು ಇಡೀ ಮಾಡೆಲ್ ಆಟಿಕೆಯಾಗಿ ಕಾಣುತ್ತದೆ. ನಡುವಿನ ಮೂರು ಚಕ್ರಗಳ ನೆತ್ತಿಗೆ ಸೂಪರ್ ಗ್ಲೂ ಇಟ್ಟು, ಟ್ರ್ಯಾಕಿಗೂ ಫೆಂಡರಿಗೂ ನಡುವೆ ಸ್ಪಂಜಿನ ತುಂಡು ತುರುಕಿ ಗಟ್ಟಿಯಾಗುವವರೆಗೆ ಒತ್ತಿಟ್ಟೆ. ಬಿಡಿ ಕೊಂಡಿಗಳ ಸೆಟ್ ಇನ್ನೂ ಚೆನ್ನಾಗಿ ಜೋಲುತ್ತದೆ, ಆದರೆ ಪಕ್ಕಕ್ಕೆ ಸುಮಾರು 90 ಕೊಂಡಿ, ಪ್ರತಿಯೊಂದನ್ನೂ ಉಜ್ಜಬೇಕು. ಅದು ಎರಡನೇ ಕಿಟ್ಟಿಗಿರಲಿ.

ಹೊಳಪಿನ ಕೋಟ್ ಎಕ್ಸ್-22 (ಬಣ್ಣವಿಲ್ಲದ ವಾರ್ನಿಶ್), ಎರಡು ಪಾಲು ಲೆವೆಲಿಂಗ್ ಥಿನ್ನರ್ ಜೊತೆ, ತೆಳುವಾಗಿ ಮೂರು ಸಲ. ಒದ್ದೆಯಾಗಿ ಸುರಿದರೆ ಕೆಳಗಿನ ಹಸಿರು ಕರಗುತ್ತದೆ, ಬ್ರಷ್‌ನಿಂದಂತೂ ಹಚ್ಚಲೇಬಾರದು. ನುಣುಪಿಲ್ಲದ ಮೈಮೇಲೆ ಡೆಕಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಒಂದು ದಿನ ಕಾದು, ಕೆಳಗೆ ಮೈಕ್ರೋ ಸೆಟ್, ಮೇಲೆ ಮೈಕ್ರೋ ಸಾಲ್. ಸಾಲ್ ಹಾಕಿದೊಡನೆ ಡೆಕಲ್ ಸುಕ್ಕಾಗುತ್ತದೆ, ಮುಟ್ಟದೆ ಬಿಟ್ಟರೆ ತಾನೇ ಇಳಿದು ಟರೆಟ್‌ನ ಒರಟಿಗೆ ಅಂಟಿಕೊಳ್ಳುತ್ತದೆ. ಮೇಲೆ ಮತ್ತೊಂದು ತೆಳು ಎಕ್ಸ್-22.

ವಾಷ್‌ಗೆ ವಿದೇಶಿ ಬಾಟಲಿ ಬೇಕೆಂದಿಲ್ಲ. ಕ್ಯಾಮೆಲ್ ಆಯಿಲ್ ಬಣ್ಣದ ರಾ ಅಂಬರ್, ಸ್ವಲ್ಪ ಕಪ್ಪು. ಇದನ್ನು ಒಂದೆರಡು ಗಂಟೆ ರಟ್ಟಿನ ತುಂಡಿನ ಮೇಲಿಟ್ಟರೆ ಅಗಸೆ ಎಣ್ಣೆ ರಟ್ಟಿಗೆ ಇಳಿದು ಬಣ್ಣ ಬೇಗ, ಹೊಳಪಿಲ್ಲದೆ ಆರುತ್ತದೆ. ವೈಟ್ ಸ್ಪಿರಿಟ್ ಹತ್ತು ಪಾಲು ಸೇರಿಸಿ ಬೋಲ್ಟ್, ಕೀಲು, ಸಂದುಗಳಿಗೆ ಮಾತ್ರ ಬ್ರಷ್ ತುದಿ ಮುಟ್ಟಿಸಿ. ಅರ್ಧ ಗಂಟೆಯ ನಂತರ ತುಸು ವೈಟ್ ಸ್ಪಿರಿಟ್ ಹತ್ತಿಸಿದ ಬ್ರಷ್‌ನಿಂದ ಹೆಚ್ಚಾದದ್ದನ್ನು ಒರೆಸಿ. ಬಣ್ಣ ಬೀಳದ ಒಳಮೈಗೆ, ಬಿಗಿಯಾಗಿ ತುರುಕಿದ ಆಕ್ಸಲ್‌ಗಳ ಬುಡಕ್ಕೆ ಇದು ಹರಿಯದಂತೆ ನೋಡಿಕೊಳ್ಳಬೇಕು. ಒತ್ತಡದಲ್ಲಿರುವ ಪ್ಲಾಸ್ಟಿಕ್ ಸ್ಪಿರಿಟ್ ತಾಗಿ ಬಿರುಕು ಬಿಟ್ಟು ಚಕ್ರವೇ ಕಳಚಿ ಬೀಳುತ್ತದೆ.

ವಾಷ್ ಎರಡು ದಿನ ಆರಿದ ಮೇಲೆ ಮ್ಯಾಟ್ ಕೋಟ್. ಇಲ್ಲಿ ಮಾತ್ರ ನೀರಿನ ವಾರ್ನಿಶ್ ಆರಿಸಿಕೊಂಡೆ, ಲ್ಯಾಕರ್ ಆಗಿದ್ದರೆ ಆಯಿಲ್ ಪದರವನ್ನು ಎಬ್ಬಿಸುತ್ತಿತ್ತು. ಸೈಲೆನ್ಸರ್ ಎಡ ಫೆಂಡರಿನ ಹಿಂದಿದೆ. ಅದರ ಸುತ್ತ ಎಕ್ಸ್‌ಎಫ್-1 (ಕಪ್ಪು) ಮತ್ತು ಎಕ್ಸ್‌ಎಫ್-10ರ (ಕಂದು) ಮಿಶ್ರಣವನ್ನು ಒಂದಕ್ಕೆ ಒಂಬತ್ತು ಥಿನ್ನರ್ ಹಾಕಿ ಮಸಿಯಾಗಿ ಹಾಯಿಸಿದೆ. ಧೂಳಿಗೆ ಒಣ ಪಿಗ್ಮೆಂಟ್ (ಬಣ್ಣದ ಪುಡಿ) ಚಕ್ರಗಳ ನಡುವೆ, ಫೆಂಡರಿನ ಮೂಲೆಗಳಲ್ಲಿ ಉದುರಿಸಿ, ಪಿಗ್ಮೆಂಟ್ ಫಿಕ್ಸರನ್ನು ಬ್ರಷ್‌ನಿಂದ ಪಕ್ಕದಲ್ಲಿ ಮುಟ್ಟಿಸಿ ಹೀರಿಕೊಳ್ಳಲು ಬಿಟ್ಟರೆ ಧೂಳು ಹಾರುವುದಿಲ್ಲ. ಟ್ರ್ಯಾಕ್ ಪೂರ್ತಿ ಲೋಹದ್ದು, ರಬ್ಬರ್ ತುಂಡುಗಳಿಲ್ಲ. ನೆಲಕ್ಕೆ ತಾಗುವ ಏಣುಗಳಿಗೂ ಒಳಗಿನ ಹಲ್ಲುಗಳ ತುದಿಗೂ ಮೆತ್ತನೆಯ ಪೆನ್ಸಿಲ್ಲಿನ ಸೀಸ ಉಜ್ಜಿದರೆ ತುಳಿದು ಸವೆದ ಉಕ್ಕಿನ ಹೊಳಪು ಬರುತ್ತದೆ. ಪೆರಿಸ್ಕೋಪ್ ಗಾಜುಗಳಿಗೆ ಒಂದೊಂದು ಹನಿ ಎಕ್ಸ್-22, ಕೊನೆಗೆ ಆಂಟೆನಾಗೆ 0.3 ಎಂ.ಎಂ. ಸ್ಟೀಲ್ ತಂತಿ. ಅದನ್ನು ಮೊದಲೇ ಹಾಕಿದರೆ ಪ್ರತಿ ಸಲ ಮಾಡೆಲ್ ತಿರುಗಿಸುವಾಗಲೂ ಬಾಗುತ್ತದೆ.