ಮಕ್ಕಳ ಮುಯ್ಯಿ ದುಡ್ಡು, ಮೈಸೂರಿನಿಂದ ನ್ಯೂಜೆರ್ಸಿಗೆ

ನಾವು ಅಮೆರಿಕಕ್ಕೆ ಬಂದ 2018ರಲ್ಲೇ ನಮ್ಮನೆಯವರ ಸ್ನೇಹಿತರೊಬ್ಬರು ಹೇಳಿದ್ದರು: "ಮಕ್ಕಳ ಹೆಸರಲ್ಲಿ ಇಂಡಿಯಾದಲ್ಲಿ ಏನಿದೆಯೋ ಎಲ್ಲ ಮುಚ್ಚಿಬಿಡಿ." ಇನ್ನೊಬ್ಬರದು ಉಲ್ಟಾ ಸಲಹೆ: "ಮಕ್ಕಳ ದುಡ್ಡನ್ನ ಯಾರ್ರೀ ಕೇಳ್ತಾರೆ, ಸುಮ್ನಿರಿ." ನಾನು ಎರಡೂ ಮಾಡಲಿಲ್ಲ. ಕೆಲವನ್ನು ಮುಚ್ಚಿದೆ, ಒಂದನ್ನು ಉಳಿಸಿಕೊಂಡೆ, ಎಲ್ಲವನ್ನೂ ಅಮೆರಿಕ ಸರ್ಕಾರಕ್ಕೆ ಬರೆದು ತಿಳಿಸಿದೆ. ಈಗ ಏಳು ವರ್ಷ. ಮಕ್ಕಳಿಬ್ಬರ ಲೆಕ್ಕದಲ್ಲಿ ಅಮೆರಿಕಕ್ಕೆ ಕಟ್ಟಿದ ತೆರಿಗೆ ಒಟ್ಟು 40 ಡಾಲರ್ ಆಸುಪಾಸು. ಅದೂ ನನ್ನ ತಪ್ಪಿನಿಂದ.

ಜೂನ್ 2018ರಲ್ಲಿ ಎಚ್-4ನಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಬಂದಾಗ ಮಗನಿಗೆ ಆರು, ಮಗಳಿಗೆ ಮೂರು. ಮಗನ ಪಿಪಿಎಫ್‌ನಲ್ಲಿ ಸುಮಾರು 3.8 ಲಕ್ಷ, ಎರಡು ಮ್ಯೂಚುವಲ್ ಫಂಡ್‌ನಲ್ಲಿ ಒಂದೂವರೆ ಲಕ್ಷದ ಹತ್ತಿರ. ಮಗಳ ಸುಕನ್ಯಾ ಸಮೃದ್ಧಿಯಲ್ಲಿ ಐದು ಲಕ್ಷ ಚಿಲ್ಲರೆ. ಜತೆಗೆ ನಾಮಕರಣ, ಹುಟ್ಟುಹಬ್ಬದ ಮುಯ್ಯಿ ಸೇರಿಸಿ ನಮ್ಮ ಮಾವ ಅವಳ ಹೆಸರಲ್ಲಿ ಇಟ್ಟ 3 ಲಕ್ಷದ ಎಫ್‌ಡಿ.

ಮೊದಲು ಎಡವಿದ್ದು ಎಫ್‌ಬಾರ್‌ನಲ್ಲಿ, ಅಂದರೆ ಹೊರದೇಶದ ಖಾತೆಗಳ ವಿವರವನ್ನು ಅಮೆರಿಕಕ್ಕೆ ವರ್ಷವರ್ಷ ಒಪ್ಪಿಸುವ ವರದಿಯಲ್ಲಿ. ನಮ್ಮಿಬ್ಬರದು ಹಾಕಿದ್ದೆವು. ಆಗ ಡಾಲರ್‌ಗೆ 70 ರೂಪಾಯಿ. ಮಗಳ ಎರಡು ಖಾತೆ ಕೂಡಿದರೆ 11 ಸಾವಿರ ಡಾಲರ್ ದಾಟುತ್ತಿತ್ತು. 10 ಸಾವಿರ ದಾಟಿದರೆ ಮೂರು ವರ್ಷದ ಮಗುವಿಗೂ ಪ್ರತ್ಯೇಕ ಎಫ್‌ಬಾರ್ ಬೇಕು. ಅದು ನನಗೆ ಹೊಳೆದದ್ದು 2019ರ ಡಿಸೆಂಬರ್‌ನಲ್ಲಿ, ಅಕ್ಟೋಬರ್ ಗಡುವು ಕಳೆದ ಮೇಲೆ. ಅಷ್ಟೇ ಅಲ್ಲ, ಗಾರ್ಡಿಯನ್ ಅಂತ ಸಹಿ ನನ್ನದು. ಹಾಗಾಗಿ ಸಹಿ ಅಧಿಕಾರದ ಭಾಗದಲ್ಲಿ ನನ್ನ ಎಫ್‌ಬಾರ್‌ನಲ್ಲೂ ಅವೇ ಖಾತೆಗಳು ಬರಬೇಕಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ತಡವಾದದ್ದು ಯಾಕೆ ಅಂತ ನಾಲ್ಕೇ ಸಾಲಿನಲ್ಲಿ ಬರೆದು ಮಗಳದು ಹಾಕಿದೆ, ನನ್ನದು ತಿದ್ದಿದೆ. ದಂಡ ಬರಲಿಲ್ಲ. ಇದರಲ್ಲಿ ತೆರಿಗೆಯೂ ಇಲ್ಲ, ಬರೀ ಮಾಹಿತಿ. ಆದರೂ ಮರೆತವರಿಗೆ ದಂಡ ದೊಡ್ಡದು.

ಸುಕನ್ಯಾ ಮುಚ್ಚಿದ್ದು ಅದೇ ವರ್ಷದ ಜುಲೈ ರಜೆಯಲ್ಲಿ. ಮಗು ಅನಿವಾಸಿಯಾದರೆ ಖಾತೆ ಮುಂದುವರಿಸುವ ಹಾಗಿಲ್ಲ ಅಂತ ಆಗಿನ ನಿಯಮ. ಕೌಂಟರ್‌ನವರು ಪಾಸ್‌ಬುಕ್ ತಿರುಗಿಸಿ ಮುರುಗಿಸಿ ನೋಡಿದರು. "ಮಗೂಗೆ ಮದುವೆ ಆಗಿಲ್ಲ, ಏನೂ ಆಗಿಲ್ಲ, ಯಾಕಮ್ಮ ಕ್ಲೋಸು?" ಅಂದರು. ವೀಸಾ ಪುಟದ ಜೆರಾಕ್ಸ್ ಕೊಟ್ಟೆ. "ಸಾಹೇಬ್ರು ನಾಳೆ ಬರ್ತಾರೆ." ನಾಳೆ ಹೋದರೆ ಸರ್ವರ್ ಇಲ್ಲ. ಮೂರನೇ ಸಲ ಮಾವ ಕೊಡೆ ಹಿಡಿದು ಜತೆಗೇ ಬಂದರು, ಬೆಂಚಿನ ಮೇಲೆ ಕೂತು ಅಲ್ಲಾಡಲಿಲ್ಲ. ಅವತ್ತು ಆಯಿತು. ಕೊನೆಯ ಒಂದು ವರ್ಷದ ಬಡ್ಡಿ ಮಾತ್ರ ಸಿಗಲಿಲ್ಲ. ನಾನು ಹೊರಡುವ ಮೊದಲೇ ಮುಚ್ಚಿದ್ದರೆ ಈ ಅಲೆದಾಟವೇ ಇರುತ್ತಿರಲಿಲ್ಲ.

ಮ್ಯೂಚುವಲ್ ಫಂಡ್ ಕಥೆ ಇನ್ನೂ ಮಜವಾಗಿದೆ. ನಮ್ಮ ಊರಿನ ಫಂಡು ಅಮೆರಿಕದವರ ಕಣ್ಣಲ್ಲಿ ಪಿಎಫ್‌ಐಸಿ, ಅಂದರೆ ಬೇರೆಯೇ ತೆರಿಗೆ ಲೆಕ್ಕ ಇರುವ ವಿದೇಶಿ ಹೂಡಿಕೆ ಕಂಪನಿ. 25 ಸಾವಿರ ಡಾಲರ್‌ಗಿಂತ ಕಡಿಮೆ ಇದ್ದು, ಮಾರದೆ ಸುಮ್ಮನೆ ಇಟ್ಟುಕೊಂಡರೆ ಅದರ ಲೆಕ್ಕ ಒಪ್ಪಿಸುವ ಫಾರ್ಮ್ 8621 ಬೇಕಿಲ್ಲ. ನಾನು ಅದೇ ಜುಲೈನಲ್ಲಿ ಎರಡನ್ನೂ ಮಾರಿಬಿಟ್ಟಿದ್ದೆ. ಲಾಭ 45 ಸಾವಿರ ರೂಪಾಯಿ, ಅಂದರೆ 640 ಡಾಲರ್ ಇರಬಹುದು. ಫಂಡಿಗೊಂದು ಫಾರ್ಮ್. ಇಲ್ಲಿನ ಒಬ್ಬ ಅಕೌಂಟೆಂಟ್ ಫಾರ್ಮಿಗೆ 350 ಡಾಲರ್ ಕೇಳಿದರು. ಎರಡಕ್ಕೆ 700. ಹಸುವಿಗಿಂತ ಹಗ್ಗವೇ ದುಬಾರಿ!

ನಾನೇ ಕೂತೆ. ಒಂದೊಂದು ಫಂಡಿಗೂ ತಿಂಗಳಿಗೆ ಸಾವಿರದಂತೆ ಹಾಕಿದ ಎಸ್‌ಐಪಿ, ಅಂದರೆ ಕಂತಿನ ಹೂಡಿಕೆ. ಪ್ರತಿ ಕಂತಿನ ಲಾಭವನ್ನೂ ಅದು ಇದ್ದ ದಿನಗಳ ಮೇಲೆ ಹಂಚಬೇಕು. ಎಕ್ಸೆಲ್‌ನಲ್ಲಿ ನೂರರ ಹತ್ತಿರ ಸಾಲು ಬಂತು. ನಾವು ಅಮೆರಿಕಕ್ಕೆ ಬರುವ ಮೊದಲಿನ ದಿನಗಳ ಪಾಲು ಮತ್ತು ಮಾರಿದ ವರ್ಷದ ಪಾಲು ಮಗನ ಮಾಮೂಲಿ ಆದಾಯಕ್ಕೆ ಹೋಗುತ್ತದೆ. ಆಗ ಮಗುವಿಗೆ 1,100 ಡಾಲರ್‌ವರೆಗೆ ತೆರಿಗೆ ಇರಲಿಲ್ಲ, ಹಾಗಾಗಿ ಅದು ಸೊನ್ನೆ. 2018ರಲ್ಲಿ ಇಲ್ಲಿದ್ದ ಆರು ತಿಂಗಳ ಪಾಲಿಗೆ ಮಾತ್ರ ಶೇಕಡ 37 ಮತ್ತು ಒಂಚೂರು ಬಡ್ಡಿ. ಮೇಲೆ ಹೇಳಿದ 40 ಡಾಲರ್ ಇದೇ. ಕಂತುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಹಾಳೆ ಅರ್ಧಕ್ಕೆ ಇಳಿಯುತ್ತದೆ ಅನ್ನೋದು ನನ್ನ ಗುಟ್ಟು. ಅದನ್ನ ಇಲ್ಲಿ ಬರೆಯಲ್ಲ.

ಮಗಳ ಎಫ್‌ಡಿ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಆದ ಕೂಡಲೇ ಬಡ್ಡಿಯ ಮೇಲೆ ಶೇಕಡ 30 ಟಿಡಿಎಸ್, ಮೇಲೆ ಸೆಸ್. ವರ್ಷಕ್ಕೆ 6 ಸಾವಿರ ಚಿಲ್ಲರೆ ಹೋಯಿತು. ತಮಾಷೆ ಏನಂದರೆ ಭಾರತದಲ್ಲಿ ಆ ಬಡ್ಡಿ ಅಪ್ಪನ ಆದಾಯಕ್ಕೆ ಸೇರುತ್ತದೆ, ಅಮೆರಿಕದಲ್ಲಿ ಮಗಳದೇ ಆದಾಯ. ಅಲ್ಲಿ ಕಟ್ಟಿದ್ದು ಒಬ್ಬರ ಹೆಸರಲ್ಲಿ, ಇಲ್ಲಿ ಲೆಕ್ಕ ಇನ್ನೊಬ್ಬರ ಹೆಸರಲ್ಲಿ. ಕ್ರೆಡಿಟ್ ತಗೊಳ್ಳೋದು ಹೇಗೆ? ರಿಫಂಡ್‌ಗೆ ಅಂತ ಅಲ್ಲಿ ರಿಟರ್ನ್ ಹಾಕಿಸಿದರೆ ಆಡಿಟರ್ ಫೀಸೇ 2 ಸಾವಿರ.

2020ರಲ್ಲಿ ಎಫ್‌ಡಿ ಮುರಿದು, ಸುಕನ್ಯಾ ದುಡ್ಡು ಸೇರಿಸಿ ಇಲ್ಲಿಗೆ ತರಿಸಿದೆ. ದುಡ್ಡು ಹೊರಗೆ ಕಳಿಸಲು ಬೇಕಿದ್ದ ತೆರಿಗೆ ಫಾರ್ಮ್‌ಗಳು 15ಸಿಎ, 15ಸಿಬಿಗೆ ಮೂರೂವರೆ ಸಾವಿರ ರೂಪಾಯಿ ಖರ್ಚು. ಕೈಗೆ ಬಂದದ್ದು 11 ಸಾವಿರ ಡಾಲರ್ ಚಿಲ್ಲರೆ. ನಮ್ಮನೆಯವರು ಕಾರಿನ ಸಾಲ ತೀರಿಸೋಣ ಅಂದರು. ನಾನು ಒಪ್ಪಲಿಲ್ಲ, ಅದು ಮಗಳ ದುಡ್ಡು ಅಲ್ವಾ? ಅದಕ್ಕೇ ಇಲ್ಲಿ ಓದಿನ ಖರ್ಚಿಗೆ ಅಂತ ಇರುವ 529 ಪ್ಲಾನ್ ಕೂಡ ನಮ್ಮ ಹೆಸರಲ್ಲಿ ಅಲ್ಲ, ಅವಳ ಹೆಸರಿನ ಕಸ್ಟೋಡಿಯಲ್ ಖಾತೆಯಾಗಿ (ದುಡ್ಡು ಮಗುವಿನದು, ನೋಡಿಕೊಳ್ಳುವುದು ದೊಡ್ಡವರು) ಮಾಡಿಸಿದೆ. ಒಂದು ಕಡೆ ಐಟಿಐಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದವರ ತೆರಿಗೆ ಸಂಖ್ಯೆ) ನಡೆಯಲ್ಲ ಅಂದರು, ಇನ್ನೊಂದು ಕಡೆ ನಡೆಯಿತು. ಪೂರ್ತಿ ಹಾಕಲಿಲ್ಲ, ಅರ್ಧ ಮಾತ್ರ. ನಾಳೆ ವಾಪಸ್ ಮೈಸೂರಿಗೆ ಹೋದರೆ? ಅಮೆರಿಕದವರು ಒಪ್ಪಿದ ಪಟ್ಟಿಯಲ್ಲಿಲ್ಲದ ಕಾಲೇಜಿಗೆ ಖರ್ಚು ಮಾಡಿದರೆ ಗಳಿಕೆಯ ಮೇಲೆ ತೆರಿಗೆ, ಜತೆಗೆ ಶೇಕಡ 10 ದಂಡ. ಉಳಿದರ್ಧ ಅವಳದೇ ಹೆಸರಿನ ಯುಟಿಎಂಎ ಖಾತೆಯಲ್ಲಿ (ಮಗುವಿನ ಪರವಾಗಿ ದೊಡ್ಡವರು ನಡೆಸುವ ಹೂಡಿಕೆ ಖಾತೆ) ಇಂಡೆಕ್ಸ್ ಫಂಡ್. ವರ್ಷಕ್ಕೆ ನೂರು ಡಾಲರ್ ಡಿವಿಡೆಂಡ್ ಬಂದರೆ ದೊಡ್ಡದು.

ಮಗನ ಪಿಪಿಎಫ್ ಮಾತ್ರ ಮುಟ್ಟಲಿಲ್ಲ. ಹಳೇ ಖಾತೆ ಮೆಚೂರ್ ಆಗುವವರೆಗೆ ಇಟ್ಟುಕೊಳ್ಳಬಹುದು, ಅವನದು 2029ರ ಏಪ್ರಿಲ್‌ಗೆ. ವರ್ಷಕ್ಕೆ ಕನಿಷ್ಠ 500 ರೂಪಾಯಿ ಹಾಕುತ್ತೇನೆ. ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಉಂಟು. ಆದರೆ ಬಡ್ಡಿ 500 ಡಾಲರ್ ಮುಟ್ಟಿದರೆ ಹೆಚ್ಚು, 2025ಕ್ಕೆ ಮಗುವಿಗೆ ತೆರಿಗೆ ಇಲ್ಲದ ಗೆರೆ 1,350 ಡಾಲರ್. ಖಾತೆಯೂ 10 ಸಾವಿರ ಡಾಲರ್ ದಾಟಿಲ್ಲ, ಅವನಿಗೆ ಎಫ್‌ಬಾರ್ ಇಲ್ಲ. ರೂಪಾಯಿ ಬಿದ್ದಷ್ಟೂ ಈ ಗೆರೆ ದೂರ ಸರಿಯುತ್ತದೆ, ಇದೊಂದು ವಿಷಯಕ್ಕೆ ಮಾತ್ರ ನನಗೆ ಖುಷಿ. ನಾನು ಮಾಡಿದ್ದೆಲ್ಲ ಇಷ್ಟೇ: ಒಬ್ಬೊಬ್ಬರ ದುಡ್ಡನ್ನೂ ಈ ಎರಡು ಗೆರೆಗಳ ಕೆಳಗೆ ಇಟ್ಟೆ.

ಮಧ್ಯೆ ಮನೆಯಲ್ಲಿ 'ಅಮ್ಮನ ಬ್ಯಾಂಕ್' ಅಂತ ಒಂದು ಶುರು ಮಾಡಿದ್ದೆ. ಡಬ್ಬಿಯಲ್ಲಿ ಹಾಕಿದ್ದಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಮೂರನೇ ತಿಂಗಳಿಗೆ ಮಗ ತಂಗಿಯಿಂದ ಬಡ್ಡಿ ಇಲ್ಲದೆ ಸಾಲ ತಂದು ನನ್ನ ಡಬ್ಬಿಗೆ ಹಾಕುತ್ತಿದ್ದ. ಬ್ಯಾಂಕ್ ಮುಚ್ಚಿದೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಮಾವ ಮೊಮ್ಮಗಳಿಗೆ ಅಂತ ಒಂದು ಬಂಗಾರದ ಕಾಯಿನ್ ತಂದಿದ್ದರು. ಅವಳ ಕೈಗೆ ಕೊಡುವ ಮೊದಲು ನನ್ನ ಕಡೆ ತಿರುಗಿದರು. "ಇದಕ್ಕೂ ಒಂದು ಫಾರ್ಮ್ ಇದೆಯೇನಮ್ಮ?"

"ಇದಕ್ಕಿಲ್ಲ ಮಾವ."

ಮಗಳಿಗೆ ಒಂದು ಸಲ ತೋರಿಸಿ, ವಾಪಸ್ ಇಸಕೊಂಡು ಬೀರುವಿನಲ್ಲಿಟ್ಟರು.