ಸಂವಿಧಾನದ ಪೀಠಿಕೆ: ಬಾಯಿಪಾಠ ಬಿಟ್ಟು ಕಲಿಸುವುದು ಹೇಗೆ?

ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಸಂವಿಧಾನದ ಪೀಠಿಕೆಯನ್ನು ಗಡಗಡನೆ ಹೇಳಿಬಿಡುತ್ತಾರೆ. ತರಗತಿಗೆ ಬಂದ ಮೇಲೆ 'ಇದನ್ನು ಯಾರು ಒಪ್ಪಿದ್ದು? ಒಪ್ಪದವರೂ ಇದ್ದರಾ?' ಎಂದು ಕೇಳಿ ನೋಡಿ. ಎಲ್ಲರೂ ಮೇಷ್ಟ್ರ ಮುಖ ನೋಡುತ್ತಾರೆ. ಮೇಷ್ಟ್ರು ತಡೆಯಲಾರದೆ ಉತ್ತರವನ್ನು ತಾವೇ ಹೇಳಿ, 'ಬರ್ಕೊಳ್ಳಿ' ಅಂದುಬಿಡುತ್ತಾರೆ. ಪೌರನೀತಿ ಪಾಠ ಕೆಡುವುದೇ ಅಲ್ಲಿ. ಏಳು ಅಥವಾ ಎಂಟನೇ ತರಗತಿಗೆ ಇದನ್ನು ಮೂಲ ದಾಖಲೆ ಇಟ್ಟುಕೊಂಡು ಮಾಡಿಸುವ ಕ್ರಮ ಹೀಗಿದೆ. ಮೂರು ಪೀರಿಯಡ್ ಸಾಕು.

1. ಕಾಗದ ಹೊಂದಿಸಿಕೊಳ್ಳಿ. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಯಲ್ಲಿ ಬರೆದ ಪೀಠಿಕೆಯ ಮೂಲ ಪುಟದ ಒಂದು ಪ್ರಿಂಟ್, ಈಗಿನ ಪೀಠಿಕೆಯ ಕನ್ನಡ ಪ್ರತಿ, ಕೆಳಗೆ ಹೇಳಿರುವ ಮೂರು ಚೀಟಿ. ಅಂಗಡಿಯ ಬಣ್ಣದ ಚಾರ್ಟ್ ತರಬೇಡಿ. ಅಂಚಿನ ಹೂವು ಜಾಸ್ತಿ, ಅಕ್ಷರ ಕಮ್ಮಿ. ವಾಟ್ಸ್ಆ್ಯಪ್‌ನಲ್ಲಿ ಅಂಬೇಡ್ಕರ್ ಫೋಟೊ ಹಾಕಿ ಓಡಾಡುವ ಹೇಳಿಕೆಗಳೂ ಬೇಡ. ಎಲ್ಲಿ, ಯಾವತ್ತು ಹೇಳಿದ್ದು ಎಂದು ತೋರಿಸಲಾಗದ ಮಾತು ದಾಖಲೆಯಲ್ಲ.

2. ವ್ಯತ್ಯಾಸ ಹುಡುಕಿಸಿ. ಹಳೆಯದರಲ್ಲಿ ಇಲ್ಲದ್ದು ಹೊಸದರಲ್ಲಿ ಏನಿದೆ? ಮೂಲ ಪುಟ ಇಂಗ್ಲಿಷಿನಲ್ಲಿದೆ. ಕಷ್ಟವಾದರೆ ಅದರ ಕನ್ನಡವನ್ನು ಬೋರ್ಡಿನ ಮೇಲೆ ಬರೆಯಿರಿ. 'ಸಮಾಜವಾದಿ', 'ಜಾತ್ಯತೀತ', 'ಅಖಂಡತೆ' ಮೂರನ್ನೂ ಮಕ್ಕಳೇ ಹಿಡಿಯುತ್ತಾರೆ. ಆಮೇಲಷ್ಟೇ ಅವನ್ನು ಸೇರಿಸಿದ 1976ರ 42ನೇ ತಿದ್ದುಪಡಿಯ ಸುದ್ದಿ ಹೇಳಿ.

3. ಚರ್ಚೆಯ ಚೀಟಿ ಕೊಡಿ. ಹೆಚ್ಚಿನವರು ಎಡವುವುದು ಇಲ್ಲಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

1949ರ ಅಕ್ಟೋಬರ್ 17ರಂದು ಸಂವಿಧಾನವನ್ನು ರಚಿಸಿದ ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ ನಡೆಯಿತು. ಅದು 'ದೇವರ ಹೆಸರಿನಲ್ಲಿ' ಎಂದು ಶುರುವಾಗಲಿ ಎಂದು ಸಭೆಯ ಸದಸ್ಯ ಎಚ್.ವಿ. ಕಾಮತ್ ತಿದ್ದುಪಡಿ ತಂದರು. (ಮಂಗಳೂರಿನಲ್ಲಿ ಹುಟ್ಟಿದವರು. ಆದರೆ ಇದನ್ನು ಮಕ್ಕಳಿಗೆ ಈಗಲೇ ಹೇಳಬೇಡಿ, 'ನಮ್ಮವರು' ಅಂತ ಅವರ ಕಡೆ ವಾಲುತ್ತಾರೆ.) ಆ ದಿನದ ಚರ್ಚೆ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಪೂರ್ತಿ ಓದಿಸಲು ಹೋಗಬೇಡಿ, ಮಕ್ಕಳು ಆಕಳಿಸುತ್ತಾರೆ. ಮೂವರ ಮಾತಿನ ಸಾರವನ್ನು ಚೀಟಿಗೆ ಇಳಿಸಿ.

ಅ: ಇಷ್ಟು ದೊಡ್ಡ ಕೆಲಸವನ್ನು ದೇವರಿಗೆ ಅರ್ಪಿಸಿ ಶುರು ಮಾಡೋಣ.
ಆ: ನಂಬುವುದು, ಬಿಡುವುದು ಅವರವರ ಹಕ್ಕು. ಇದನ್ನು ಸೇರಿಸಿದರೆ ಆ ಹಕ್ಕಿಗೆ ಪೆಟ್ಟು.
ಇ: ದೇವರನ್ನೇ ಓಟಿಗೆ ಹಾಕುವ ಮುಜುಗರಕ್ಕೆ ನಮ್ಮನ್ನು ಸಿಕ್ಕಿಸಬೇಡಿ.

ಚೀಟಿಯ ಮೇಲೆ ಹೆಸರು ಇರಬಾರದು. ಹೆಸರು ಕಂಡರೆ ಮಕ್ಕಳು ಮಾತನ್ನು ಬಿಟ್ಟು ಆಳನ್ನು ತೂಗುತ್ತಾರೆ, ದೊಡ್ಡವರ ಹಾಗೇ.

ಈಗ ಪ್ರಶ್ನೆ. 'ದೇವರ ಹೆಸರು ಬೇಕಾ, ಬೇಡವಾ?' ಎಂದು ಕೇಳಿದಿರೋ, ಪಾಠ ಮುಗಿಯಿತು. ಗದ್ದಲ ಏಳುತ್ತದೆ, ಮರುದಿನ ಯಾರದೋ ಅಪ್ಪ ಹೆಡ್ಮಾಸ್ಟರ ಮುಂದೆ ಕೂತಿರುತ್ತಾರೆ. ಕೇಳಬೇಕಾದ್ದು ಬೇರೆ: 'ಇವರು ಕೊಡುವ ಕಾರಣ ಏನು? ಆ ಕಾರಣಕ್ಕೆ ಪೀಠಿಕೆಯ ಯಾವ ಸಾಲು ಆಸರೆ?' ಆಗ ಕಣ್ಣು ಕಾಗದಕ್ಕೆ ಹೋಗುತ್ತದೆ. 'ನಂಬಿಕೆ, ಧರ್ಮಶ್ರದ್ಧೆ, ಉಪಾಸನೆಯ ಸ್ವಾತಂತ್ರ್ಯ' ಎಂಬ ಸಾಲನ್ನು ಯಾವುದೋ ಹುಡುಗಿ ಬೆರಳಿಟ್ಟು ತೋರಿಸುತ್ತಾಳೆ. ದಿನಾ ಹೇಳುವ ಸಾಲೇ, ಆದರೆ ಓದುತ್ತಿರುವುದು ಈಗ.

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ತರಗತಿ ಸುಮ್ನೆ ಕೂತರೆ ಹೆದರಬೇಡಿ, ಯೋಚಿಸುತ್ತಿರುತ್ತಾರೆ. 'ಶಭಾಷ್' ಕೂಡ ಅನ್ನಬೇಡಿ. ಒಬ್ಬನಿಗೆ ಶಭಾಷ್ ಅಂದರೆ ಉಳಿದವರೆಲ್ಲ ಅವನ ಉತ್ತರವನ್ನೇ ಹೇಳುತ್ತಾರೆ. ನಿಮ್ಮ ಅಭಿಪ್ರಾಯವಂತೂ ಮುಖದಲ್ಲೂ ಕಾಣಬಾರದು.

4. ಕೈ ಎತ್ತಿಸಿ. ಕಾರಣಗಳನ್ನು ತೂಗಿ ಆದ ಮೇಲೆ, ಆ ತಿದ್ದುಪಡಿಗೆ ಯಾರು ಪರ, ಯಾರು ವಿರೋಧ ಎಂದು. ಸಭೆಯಲ್ಲೂ ಕೈ ಎತ್ತಿಸಿಯೇ ಎಣಿಸಿದ್ದು. ಮಕ್ಕಳ ಲೆಕ್ಕ ಬೋರ್ಡಿನ ಮೇಲೆ ಬಂದ ಮೇಲೆ ಸಭೆಯ ಲೆಕ್ಕ ಬರೆಯಿರಿ: ಪರ 41, ವಿರೋಧ 68. ಈಗ ಹೆಸರು ಹೇಳಬಹುದು. ಅ ಕಾಮತ್, ಆ ಪಟ್ಟಂ ಥಾಣು ಪಿಳ್ಳೈ, ಇ ಪೂರ್ಣಿಮಾ ಬ್ಯಾನರ್ಜಿ. ಮೊದಲೇ ಫಲಿತಾಂಶ ಹೇಳಿದರೆ ಎಲ್ಲರೂ ಗೆದ್ದವರ ಕಡೆಗೇ ಕೈ ಎತ್ತುತ್ತಾರೆ.

ಕೆಲವು ಕಡೆ ಇದೇ ಹೊತ್ತಿಗೆ ಪೇಟ, ಕನ್ನಡಕ ಹಾಕಿಸಿ 'ಮಾದರಿ ಸಂಸತ್ತು' ಮಾಡಿಸುತ್ತಾರೆ. ವಾರ್ಷಿಕೋತ್ಸವಕ್ಕೆ ಚೆಂದ. ಆದರೆ ಬರೆದುಕೊಟ್ಟ ಡೈಲಾಗ್ ಒಪ್ಪಿಸುವುದಕ್ಕೂ ಬಾಯಿಪಾಠಕ್ಕೂ ಏನು ವ್ಯತ್ಯಾಸ?

5. ಇನ್ನೊಂದು ದಾಖಲೆಗೆ ಜೋಡಿಸಿ. ಮುಂದಿನ ಪೀರಿಯಡ್ಡಿಗೆ ಸಂವಿಧಾನದ ಮೂರನೇ ಅನುಸೂಚಿ ತನ್ನಿ. ಮಂತ್ರಿಗಳು, ಶಾಸಕರು ಓದುವ ಪ್ರಮಾಣವಚನದ ನಮೂನೆ ಅದರಲ್ಲಿದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಪೀಠಿಕೆಯಲ್ಲಿ ಬೇಡವೆಂದ ಮಾತು ಇಲ್ಲಿ ಹೇಗೆ ಬಂತು? ಮೂರು ಚೀಟಿಯಲ್ಲಿ ಯಾರ ಮಾತಿಗೆ ಇದು ಹತ್ತಿರ? ಒಬ್ಬೊಬ್ಬರೂ ನಾಲ್ಕು ಸಾಲು ಬರೆಯಲಿ. ಅಂಕ ಕೊಡಲೇಬೇಕಿದ್ದರೆ ದಾಖಲೆಯ ಸಾಲನ್ನು ತೋರಿಸಿ ಬರೆದವರಿಗೆ ಕೊಡಿ, ಯಾರ ಕಡೆ ನಿಂತರು ಎಂಬುದಕ್ಕಲ್ಲ.